ಬಿಟ್ಟುಕೊಟ್ಟ ಪಟ್

ಫೆಬ್ರವರಿ 3, ಸೋಮವಾರ

ಇವತ್ತು ಮತ್ತೆ ಅದು ಆಯಿತು. ಮೂರಡಿ ದೂರ, ಏರಿಲ್ಲ, ಇಳಿಜಾರಿಲ್ಲ, ಅಂಗೈಯಷ್ಟು ಸಮತಟ್ಟಾದ ಹುಲ್ಲು. ಮಕ್ಕಳು ಕಣ್ಣು ಮುಚ್ಚಿ ತಳ್ಳಿದರೂ ಗುಳಿಗೆ ಬೀಳುವ ಚೆಂಡು. ನಿಂತೆ, ಉಸಿರು ಬಿಟ್ಟೆ, ಇನ್ನೇನು ತಳ್ಳಬೇಕು ಅನ್ನುವಷ್ಟರಲ್ಲಿ ಬಲಗೈ ನನ್ನನ್ನು ಕೇಳದೆ ಎಗರಿತು. ಚೆಂಡು ಗುಳಿಯ ಪಕ್ಕದಲ್ಲೇ ಹಾದು ಅಂಚಿನವರೆಗೂ ಓಡಿತು. ಸುತ್ತ ಯಾರೂ ಇರಲಿಲ್ಲ, ಹುಲ್ಲಿಗೆ ನೀರು ಬಿಡುವವನೊಬ್ಬನನ್ನು ಬಿಟ್ಟರೆ. ಅವನು ಬೆನ್ನು ತಿರುಗಿಸಿ ನಿಂತುಕೊಂಡ. ನೋಡಿದ್ದರಿಂದಲೇ ತಿರುಗಿದ.

ಅರ್ಧ ಆಯುಸ್ಸು ಈ ಕ್ಲಬ್ಬಿನಲ್ಲಿ ಗಾಲ್ಫ್ ಕಲಿಸಿದವನಿಗೆ ಇದೇನೆಂದು ಗೊತ್ತಿಲ್ಲದೆ ಇಲ್ಲ. ದೂರದ ಹೊಡೆತಗಳೆಲ್ಲ ನೆಟ್ಟಗಿರುತ್ತವೆ. ಕೊನೆಗೆ ಚೆಂಡನ್ನು ಗುಳಿಗೆ ತಳ್ಳುವ ಸಣ್ಣ ಹೊಡೆತ ಇದೆಯಲ್ಲ, ಪಟ್, ಅಲ್ಲಿಗೆ ಬಂದಾಗ ಕೈ ಕೊಡುತ್ತದೆ. ಇದಕ್ಕೊಂದು ಹೆಸರಿದೆ. ಕ್ಲಬ್ಬಿನಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಹೇಳಿದರೆ ಅಂಟಿಕೊಳ್ಳುತ್ತದಂತೆ. 'ಅದು' ಅನ್ನುತ್ತೇವೆ. 'ಪಾಪ, ಅವನಿಗೆ ಅದು ಬಂದಿದೆಯಂತೆ.' ಬಂದವನು ಪಟ್ ಮಾಡುವಾಗ ಉಳಿದವರು ಮೋಡ ನೋಡುತ್ತಾರೆ, ಬೂಟಿನ ದಾರ ಬಿಗಿಯುತ್ತಾರೆ. ಅದು ಪುಕ್ಕಲರಿಗೆ ಬರುವ ಕಾಯಿಲೆ ಎನ್ನುವುದು ಎಲ್ಲರ ಮಾತು. ನನ್ನದೂ ಅದೇ.

ಏಪ್ರಿಲ್ ಮೊದಲ ಭಾನುವಾರ ಪ್ರದರ್ಶನ ಪಂದ್ಯ. ಪ್ರತಿವರ್ಷ ಕೋಚ್ ಒಬ್ಬ ಸದಸ್ಯನ ಜೊತೆ ಎಲ್ಲರ ಮುಂದೆ ಆಡಬೇಕು, ಆಮೇಲೆ ಕಮಿಟಿ ಅವನನ್ನು ಇನ್ನೊಂದು ವರ್ಷಕ್ಕೆ ಇಟ್ಟುಕೊಳ್ಳುತ್ತದೆ. ಇಷ್ಟು ವರ್ಷ ಅದು ಬರೀ ಶಾಸ್ತ್ರ. ಈ ಸಲ ಕಾರ್ಯದರ್ಶಿ ಬಾಗಿಲ ಹತ್ತಿರ ತಡೆದು, "ಯಾವನೋ ಚಿಕ್ಕ ವಯಸ್ಸಿನವನು ಅರ್ಜಿ ಹಾಕಿದಾನೆ ಸಾರ್. ನಿಮ್ಮ ಆಟ ನೋಡಿದ್ಮೇಲೆ ಯಾರಿಗೂ ಅನುಮಾನ ಇರಲ್ಲ ಬಿಡಿ," ಎಂದ. ಆ 'ಬಿಡಿ'ಯಲ್ಲೇ ಅನುಮಾನ ಇತ್ತು.

ಹೆಂಡತಿಗೆ ಹೇಳಿಲ್ಲ. ಯಾರಿಗೂ ಹೇಳಲಾರೆ. ಈ ವಯಸ್ಸಿನಲ್ಲಿ ಹೆದರಿಕೆ ಅಂದರೆ ನಗುತ್ತಾರೆ. ಅದಕ್ಕೇ ಇಲ್ಲಿ ಬರೆದುಕೊಳ್ಳುತ್ತಿದ್ದೇನೆ.

ಫೆಬ್ರವರಿ 6, ಗುರುವಾರ

ಭಾವನ ಫೋನು. ನನ್ನ ಹೆಂಡತಿಯ ಅಣ್ಣ, ನಿವೃತ್ತ ಭಾಷಾ ಮೇಷ್ಟ್ರು. ಈಗ ಆಟಗಳ ಪದಕೋಶ ಮಾಡಲು ಕೂತಿದ್ದಾರೆ. ಕ್ರಿಕೆಟ್ ಮುಗಿಯಿತು, ಚದುರಂಗ ಮುಗಿಯಿತು, ಈಗ ಗಾಲ್ಫ್ ನನ್ನ ತಲೆಗೆ.

"ನಿನಗೆ ಆಟ ಗೊತ್ತು, ನನಗೆ ವ್ಯಾಕರಣ ಗೊತ್ತು. ಇಬ್ಬರೂ ಸೇರಿದರೆ ಒಬ್ಬ ಮನುಷ್ಯ ಆಗ್ತೀವಿ," ಅಂದರು.

"ಭಾವ, ನನಗೆ ಪುರುಸೊತ್ತಿಲ್ಲ."

"ಪುರುಸೊತ್ತು ಇರೋರು ಕೆಲಸ ಮಾಡಲ್ಲ ಕಣಯ್ಯ. ಒಂದೊಂದು ಪದಕ್ಕೆ ಒಂದೊಂದು ಚೀಟಿ. ಅರ್ಥ ಏನು, ನಾಮಪದವೋ ಕ್ರಿಯಾಪದವೋ, ಕನ್ನಡದಲ್ಲಿ ಆಡುವವರು ಅದರ ಮುಂದೆ ಏನು ಸೇರಿಸ್ತಾರೆ, ಮಾಡು ಅಂತಾರೋ, ಹೊಡಿ ಅಂತಾರೋ, ಹಾಕು ಅಂತಾರೋ. ಒಂದೇ ಥರ ಕಾಣೋ ಪದಗಳಿದ್ದರೆ ವ್ಯತ್ಯಾಸ ಏನು. ಅಷ್ಟೇ."

ಮಾದರಿಗೆ ತಾವೇ ಒಂದು ಚೀಟಿ ಬರೆದಿದ್ದನ್ನು ಓದಿ ಹೇಳಿದರು. 'ಬೋಗಿ: ರೈಲಿನ ಡಬ್ಬಿ.' ಗಾಲ್ಫಿನಲ್ಲಿ ಅದು ಗೊತ್ತುಮಾಡಿದ ಹೊಡೆತಗಳಿಗಿಂತ ಒಂದು ಹೆಚ್ಚು ತೆಗೆದುಕೊಳ್ಳುವುದು ಅಂದೆ. "ಹಾಗಾದರೆ ಡಬ್ಬಿನೇ ಆಯ್ತಲ್ಲ," ಅಂದರು. ಬಹಳ ದಿನಗಳ ಮೇಲೆ ನಕ್ಕೆ. ಎದುರಿಗೆ ಕೋಟಿಗೆ ಗುಂಡಿ ಹಾಕುತ್ತಿದ್ದ ಹೆಂಡತಿ ತಲೆಯೆತ್ತಿ, "ಯಾರದ್ರಿ ಫೋನು, ಏನಾದ್ರೂ ಕೆಟ್ಟ ಸುದ್ದೀನಾ?" ಎಂದು ಕೇಳಿದಳು. ಹೊಲಿಗೆ ಮಾಡಿ ಮಾಡಿ ಇವಳ ಕಣ್ಣು ಹೋಗಿದೆ. ಕನ್ನಡಕ ಬದಲಾಯಿಸಬೇಕು ಅಂದೆ.

ಫೆಬ್ರವರಿ 11, ಮಂಗಳವಾರ

ಚೀಟಿ ಬರೆಯುವುದು ಅಂದುಕೊಂಡಷ್ಟು ಬೇಸರದ ಕೆಲಸವಲ್ಲ. ಪಟ್ ಯೋಚಿಸುವುದಕ್ಕಿಂತ ಎಷ್ಟೋ ವಾಸಿ.

ಚಿಪ್, ಪಿಚ್. ಎರಡೂ ಹತ್ತಿರದ ಹೊಡೆತ. ಚಿಪ್ ನೆಲದಿಂದ ತುಸುವೇ ಎದ್ದು ಉರುಳಿಕೊಂಡು ಹೋಗುತ್ತದೆ, ಪಿಚ್ ಎತ್ತರಕ್ಕೆ ಹೋಗಿ ಬಿದ್ದಲ್ಲೇ ನಿಲ್ಲುತ್ತದೆ. ನಮ್ಮವರು 'ಚಿಪ್ ಮಾಡಿದ' ಅನ್ನುತ್ತಾರೆ, 'ಪಿಚ್ ಹಾಕಿದ' ಅನ್ನುತ್ತಾರೆ. ಯಾಕೆ ಒಂದಕ್ಕೆ ಮಾಡು, ಒಂದಕ್ಕೆ ಹಾಕು? ಮೇಲಿಂದ ಬೀಳುವುದಕ್ಕೆ ಹಾಕು ಇರಬೇಕು. ಕ್ರಿಕೆಟ್ಟಿನವರಿಗೆ ಪಿಚ್ ಅಂದರೆ ಜಾಗ, ನಮಗೆ ಹೊಡೆತ.

ಸ್ಲೈಸ್, ಫೇಡ್. ಇದು ಕುತೂಹಲದ್ದು. ಬಲಗೈ ಆಟಗಾರನಿಗೆ ಎರಡರಲ್ಲೂ ಚೆಂಡು ಬಲಕ್ಕೇ ಬಾಗುತ್ತದೆ. ಬೇಕೆಂದೇ ಸ್ವಲ್ಪ ಬಾಗಿಸಿದರೆ ಫೇಡ್, ಬೇಡದೆ ಬಾಗಿ ಪೊದೆಗೆ ಹೋದರೆ ಸ್ಲೈಸ್. ಹಾಗಾಗಿ ಆಡುವವರು 'ಫೇಡ್ ಮಾಡಿದೆ' ಅನ್ನುತ್ತಾರೆ, 'ಸ್ಲೈಸ್ ಆಯಿತು' ಅನ್ನುತ್ತಾರೆ. ಯಾವನೂ 'ಸ್ಲೈಸ್ ಮಾಡಿದೆ' ಅನ್ನುವುದಿಲ್ಲ, ತಪ್ಪು ಯಾವಾಗಲೂ ತಾನಾಗಿಯೇ ಆಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಶಿಷ್ಯರಿಗೆಲ್ಲ ಹೇಳುವುದು ಇದನ್ನೇ: ಆಯಿತು ಅನ್ನಬೇಡಿ, ಮಾಡಿದೆ ಅನ್ನಿ, ಆಗ ತಿದ್ದಿಕೊಳ್ಳುತ್ತೀರಿ. ಹಾಗಾದರೆ ಕೈ ಎಗರಿತು ಅಂತ ಬರೆಯುವುದೂ ಸುಳ್ಳು. ಎಗರಿಸಿದೆ. ಹೆದರಿ ಎಗರಿಸಿದೆ.

ಬೆಳಿಗ್ಗೆ ಮೈದಾನದ ಹುಲ್ಲು ಕತ್ತರಿಸುತ್ತಿದ್ದರು. ಹೊಸ ಗೊಬ್ಬರ ಹಾಕಿರಬೇಕು, ಕತ್ತರಿಸಿದ ಹುಲ್ಲಿಗೆ ಒಂದಿಷ್ಟೂ ವಾಸನೆಯೇ ಇಲ್ಲ. ಮೊದಲೆಲ್ಲ ಆ ವಾಸನೆಗೇ ನಾನು ಬೇಗ ಹೋಗುತ್ತಿದ್ದೆ.

ಫೆಬ್ರವರಿ 19, ಬುಧವಾರ

ಊಟದ ಮೇಜಿನಲ್ಲಿ ಪೇಪರು ಓದುತ್ತಿದ್ದರೆ ಪಟಪಟ ಅಂತ ಹಾಳೆ ಅದುರುತ್ತದೆ. ಫ್ಯಾನು ಕಡಿಮೆ ಮಾಡು ಅಂದೆ. ಹೆಂಡತಿ, "ಫ್ಯಾನ್ ಹಾಕೇ ಇಲ್ವಲ್ರೀ," ಅಂದಳು. ಕಿಟಕಿ ತೆರೆದಿತ್ತು. ಎದ್ದು ಮುಚ್ಚಿದೆ.

ಆಮೇಲೆ ಅವಳು, "ನನ್ನ ಮೇಲೆ ಏನಾದ್ರೂ ಸಿಟ್ಟಾ?" ಅಂತ ಕೇಳಿದಳು.

"ಸಿಟ್ಟು ಯಾಕೆ?"

"ಮತ್ತೆ ಮುಖ ಯಾಕೆ ಹಾಗೆ ಗಂಟು ಹಾಕ್ಕೊಂಡಿರ್ತೀರಿ ಯಾವಾಗ್ಲೂ?"

ಗಂಟು ಹಾಕಿಕೊಂಡಿರಲಿಲ್ಲ. ಸುಮ್ಮನೆ ಕೂತಿದ್ದೆ. ಹಾಗಂತ ಹೇಳಿದರೆ ನಂಬಲಿಲ್ಲ.

ಫೆಬ್ರವರಿ 27, ಗುರುವಾರ

ಭಾವ ಬೈದರು. "ಏನಯ್ಯ ಇದು ನಿನ್ನ ಅಕ್ಷರ? ಮೊದಲ ಪದ ಕುದುರೆ, ಕೊನೇ ಪದ ಇರುವೆ. ಭೂತಗನ್ನಡಿ ತಗೊಂಡು ಓದ್ತಾ ಇದೀನಿ. ಕಾಗದ ಉಳಿಸೋದಕ್ಕೆ ಹೇಳಿದ್ನಾ ನಾನು?"

ಪೆನ್ನು ಸರಿಯಿಲ್ಲ. ಬೇರೆ ತಂದೆ. ಅದೂ ಅಷ್ಟೇ. ಈಗ ಕಂಪನಿಗಳು ಏನು ಮಾಡಿದರೂ ಹೀಗೇ.

ಭಾವನ ಇನ್ನೊಂದು ತಗಾದೆ. ಯಾವುದೋ ಪತ್ರಿಕೆಯಲ್ಲಿ ಆ ಪದ ನೋಡಿದರಂತೆ, ಅದಕ್ಕೆ ಚೀಟಿ ಯಾಕಿಲ್ಲ ಅಂತ. ಪದವನ್ನು ಫೋನಿನಲ್ಲಿ ಗಟ್ಟಿಯಾಗಿ ಹೇಳಿಯೇಬಿಟ್ಟರು. ನನಗೆ ಕಿವಿ ಮುಚ್ಚಿಕೊಳ್ಳುವಂತಾಯಿತು.

"ಅದು ಬೇಡ ಭಾವ. ಅಷ್ಟೇನೂ ಬಳಕೆಯಲ್ಲಿಲ್ಲ."

"ಬಳಕೆಯಲ್ಲಿಲ್ಲದ ಪದ ಪೇಪರಿಗೆ ಹೇಗಪ್ಪಾ ಬಂತು?"

ಆಮೇಲೆ ಬರೆಯುತ್ತೇನೆ ಅಂತ ತಪ್ಪಿಸಿಕೊಂಡೆ.

ಮಾರ್ಚ್ 5, ಬುಧವಾರ

ನನ್ನ ಹತ್ತಿರ ಕಲಿಯಲು ಬರುವ ಹಲ್ಲಿನ ಡಾಕ್ಟರಮ್ಮ ಇವತ್ತು ಪಾಠ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಒಂದು ಗುಳಿಯಿಂದ ಇನ್ನೊಂದಕ್ಕೆ ನಡೆಯುವಾಗ, "ಸಾರ್, ನಿಮ್ಮ ಎಡಗೈ ಬೀಸ್ತಾ ಇದೆ, ಬಲಗೈ ಬೀಸ್ತಾನೇ ಇಲ್ಲ. ಭುಜ ನೋವಾ?" ಎಂದರು.

"ಅಭ್ಯಾಸ," ಅಂದೆ.

"ಯಾರಿಗಾದ್ರೂ ತೋರಿಸಿದೀರಾ?"

ಅಂದರೆ ಇವರೂ ನೋಡಿದ್ದಾರೆ, ನಾನು ಪಟ್ ಹೇಳಿಕೊಡುವಾಗ ಕೈ ಎಗರಿದ್ದನ್ನು. ಮುಖದ ಮೇಲೆ 'ನಿಮಗೆ ಅದು ಬಂದಿದೆ' ಅನ್ನಲಾರದೆ ಭುಜ ಅನ್ನುತ್ತಿದ್ದಾರೆ. ಅಳಿಯ ಅಲ್ಲ, ಮಗಳ ಗಂಡ. "ನೀವು ಹಲ್ಲು ನೋಡ್ಕೊಳ್ಳಿ ಡಾಕ್ಟ್ರೇ, ಭುಜ ನಾನು ನೋಡ್ಕೋತೀನಿ," ಎಂದುಬಿಟ್ಟೆ. ಹಾಗೆ ಅನ್ನಬಾರದಿತ್ತು.

ಮಾರ್ಚ್ 13, ಗುರುವಾರ

ಮೀಸೆಯ ಜೊತೆ ಆಡಿದೆ. ಮೀಸೆ ನನ್ನ ಹಳೆಯ ಗೆಳೆಯ, ಕ್ಲಬ್ಬಿನ ಸದಸ್ಯ, ಪ್ರದರ್ಶನ ಪಂದ್ಯದಲ್ಲಿ ಎದುರಾಳಿಯೂ ಅವನೇ. ಮೀಸೆ ಬೋಳಿಸಿ ಯಾವ ಕಾಲವಾಯಿತೋ, ಹೆಸರು ಮಾತ್ರ ಉಳಿದಿದೆ. ಒಂದು ಕಾಸಿನ ಪಣಕ್ಕೂ, ಒಂದು ಅಂಗುಲದ ಪಟ್‌ಗೂ ಇಬ್ಬರೂ ಜಗಳ ಆಡಿದವರು.

ಇವತ್ತು ಅವನು ಬಿಟ್ಟುಕೊಡಲು ಶುರು ಮಾಡಿದ.

ಚೀಟಿಯಲ್ಲಿ ಹೀಗೆ ಬರೆದಿದ್ದೇನೆ. ಗಿಮ್ಮಿ: ನಾಮಪದ. ಇಬ್ಬರೇ ಎದುರುಬದುರು ಆಡುವಾಗ, ಚೆಂಡು ಗುಳಿಯ ತೀರಾ ಹತ್ತಿರ ಇದ್ದರೆ ಎದುರಾಳಿ 'ಎತ್ತಿಕೋ' ಅನ್ನಬಹುದು. ಹೊಡೆಯದಿದ್ದರೂ ಬಿದ್ದ ಲೆಕ್ಕ. ಮಲ್ಲಿಗನ್ ಜೊತೆ ಗೊಂದಲ ಮಾಡಿಕೊಳ್ಳಬಾರದು. ಮಲ್ಲಿಗನ್ ಅಂದರೆ ಕೆಟ್ಟ ಹೊಡೆತವನ್ನು ಇನ್ನೊಮ್ಮೆ ಹೊಡೆಯುವುದು, ಸ್ನೇಹಿತರ ನಡುವಿನ ಸಲಿಗೆ, ನಿಯಮದಲ್ಲಿಲ್ಲ, ನಾಚಿಕೆಯಿಲ್ಲದವನು ಕೇಳಿಯೂ ಪಡೆಯಬಹುದು. ಗಿಮ್ಮಿ ನಿಯಮದಲ್ಲೇ ಇದೆ. ಅದನ್ನು ಕೇಳುವ ಹಾಗಿಲ್ಲ, ಕೊಟ್ಟರೆ ಬೇಡ ಅನ್ನುವ ಹಾಗೂ ಇಲ್ಲ. ಕನ್ನಡದಲ್ಲಿ ಕೊಡುವವನು 'ಬಿಟ್ಟೆ' ಅನ್ನುತ್ತಾನೆ. ಪಡೆದವನಿಗೆ ಹೇಳಲು ಕ್ರಿಯಾಪದವೇ ಇಲ್ಲ, ಚೆಂಡು ಎತ್ತಿಕೊಂಡು ಜೇಬಿಗೆ ಹಾಕುತ್ತಾನೆ.

ಒಂದಡಿಯ ಪಟ್ ಬಿಟ್ಟ, ಸರಿ. ಎರಡಡಿ ಬಿಟ್ಟ. ಆಮೇಲೆ ನಾಲ್ಕಡಿಯದ್ದನ್ನೂ "ಎತ್ಕೋ ಎತ್ಕೋ, ಹಸಿವಾಗ್ತಿದೆ" ಅಂತ ಬಿಟ್ಟ. ಬೆಕ್ಕು ದಾಟುವಷ್ಟು ಜಾಗವನ್ನೂ ಬಿಡದ ಮನುಷ್ಯ! ಚೆಂಡು ಎತ್ತಲು ಬಗ್ಗಿದಾಗ ಅವನು ಮೋಡ ನೋಡುತ್ತಿದ್ದ.

ಮಾರ್ಚ್ 16, ಭಾನುವಾರ

ಒಬ್ಬನೇ ಹೋಗಿ ಮೂರಡಿಯ ಪಟ್ ಅಭ್ಯಾಸ ಮಾಡಿದೆ. ಎಷ್ಟು ಬಿದ್ದವು ಅಂತ ಬರೆಯುವುದಿಲ್ಲ.

ಎಡಗೈ ಮೇಲೆ ಹಿಡಿದು ನೋಡಿದೆ. ಪಟ್ ಹೊಡೆಯುವ ಕೋಲನ್ನೇ, ಪಟ್ಟರ್ ಅನ್ನೇ, ಬದಲಾಯಿಸಿದೆ. ಕಣ್ಣು ಮುಚ್ಚಿ ಹೊಡೆದೆ. ಹೆದರಬೇಡ ಅಂತ ಬಾಯಿಬಿಟ್ಟು ಹೇಳಿಕೊಂಡೆ. ಯಾವುದಕ್ಕೆ ಹೆದರುತ್ತಿದ್ದೇನೆ ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಎದೆ ಬಡಿದುಕೊಳ್ಳುವುದಿಲ್ಲ, ಬಾಯಿ ಒಣಗುವುದಿಲ್ಲ. ಆದರೂ ಕೈ ನಡುಗುತ್ತದೆ. ಎಂಥ ಪುಕ್ಕಲ ನಾನು ಅಂದರೆ ನನ್ನ ಹೆದರಿಕೆ ನನಗೇ ಮುಖ ತೋರಿಸುವುದಿಲ್ಲ.

ಮಾರ್ಚ್ 28, ಶುಕ್ರವಾರ

ಜಗಳವಾಯಿತು. ಹೆಂಡತಿ ನನಗೋಸ್ಕರ ಹೊಸ ಅಂಗಿ ಹೊಲಿದಿದ್ದಳು, ಪಂದ್ಯದ ದಿನಕ್ಕೆ. ತಿಳಿ ನೀಲಿ, ನನಗೆ ಬಹಳ ಇಷ್ಟವಾಯಿತು. ಹಾಕಿಕೊಳ್ಳಲು ಹೋದರೆ ಗುಂಡಿಗಳು ರಂಧ್ರಕ್ಕೆ ಇಳಿಯುವುದೇ ಇಲ್ಲ. ರಂಧ್ರ ಸಣ್ಣದು ಮಾಡಿದ್ದೀಯ ಅಂದೆ. ಅವಳು ಬಂದು ಚಕಚಕನೆ ಎಲ್ಲವನ್ನೂ ಹಾಕಿ ಹಿಂದೆ ಸರಿದು ನಿಂತು ನನ್ನ ಮುಖ ನೋಡಿದಳು.

"ಹೇಗಿದೆ?"

"ಚೆನ್ನಾಗಿದೆ," ಅಂತ ನಕ್ಕೆ.

ಅವಳ ಕಣ್ಣಲ್ಲಿ ನೀರು ಬಂತು. "ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅನ್ನಿ. ಕಲ್ಲಿನ ಹಾಗೆ ಮುಖ ಇಟ್ಕೊಂಡು ಚೆನ್ನಾಗಿದೆ ಅನ್ನೋದು ಬೇಡ. ಎಷ್ಟು ತಿಂಗಳಾಯ್ತು ನೀವು ನನ್ನ ನೋಡಿ ನಕ್ಕು? ನಾನೇನು ಮಾಡಿದೀನಿ ಹೇಳಿ."

"ಈಗ ನಕ್ಕೆನಲ್ಲೇ!"

"ಇಲ್ಲ," ಅಂದಳು. ಮೆಲ್ಲಗೆ ಅಂದಳು, ಅದಕ್ಕೇ ಹೆಚ್ಚು ನಾಟಿತು.

ನಾನು ನಕ್ಕಿದ್ದೆ. ಇವಳು ನನ್ನ ಮೇಲೆ ಇಲ್ಲದ ತಪ್ಪು ಹೊರಿಸುತ್ತಿದ್ದಾಳೆ. ಹೊರಗೆ ಅದು, ಒಳಗೆ ಇದು. ಎಲ್ಲಿಗೆ ಹೋಗಲಿ.

ಏಪ್ರಿಲ್ 2, ಬುಧವಾರ

ನಿದ್ದೆ ಇಲ್ಲ. ಬರೆಯಲು ಕೈ ಏಳುವುದಿಲ್ಲ.

ಒಂದೇ ಆಸೆ. ಎಲ್ಲರ ಮುಂದೆ ಒಂದು ಮೂರಡಿಯ ಪಟ್. ಬೀಳಲಿ, ಬೀಳದಿರಲಿ, ನಿಂತು ಹೊಡೆಯಬೇಕು. ಹೊಡೆದವನು ಪುಕ್ಕಲನಲ್ಲ.

ಏಪ್ರಿಲ್ 6, ಭಾನುವಾರ

ಪಂದ್ಯ ಮುಗಿಯಿತು. ಗೆದ್ದೆ.

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಕಮಿಟಿಯವರೆಲ್ಲ ಬಂದಿದ್ದರು, ಕಾರ್ಯದರ್ಶಿಯ ಪಕ್ಕದಲ್ಲಿ ಆ ಅರ್ಜಿ ಹಾಕಿದವನೂ ಇದ್ದ. ಒಳ್ಳೆಯವನ ಹಾಗೇ ಕಾಣುತ್ತಾನೆ, ಅದೇ ಕಷ್ಟ. ಹೆಂಡತಿ ಬೆಂಚಿನ ಮೇಲೆ ಕೂತಿದ್ದಳು. ಆಟ ಅರ್ಥವಾಗದಿದ್ದರೂ ಪ್ರತಿವರ್ಷ ಬರುತ್ತಾಳೆ.

ದೂರದ ಹೊಡೆತಗಳು ಹಿಂದಿನಷ್ಟು ಉದ್ದ ಹೋಗಲಿಲ್ಲ, ಆದರೆ ನೆಟ್ಟಗೆ ಹೋದವು. ಪಟ್ ಬಂದಾಗಲೆಲ್ಲ ದೂರದಿಂದಲೇ ತಂದು ಗುಳಿಯ ಬಾಯಲ್ಲಿ ನಿಲ್ಲಿಸಿದೆ. ಬಾಯಲ್ಲಿ ನಿಂತದ್ದನ್ನು ಮೀಸೆ ಬಿಟ್ಟ, ಯಾರಾದರೂ ಬಿಡುತ್ತಾರೆ. ಕೊನೆಯ ಗುಳಿಗೆ ಬರುವ ಹೊತ್ತಿಗೆ ಇಬ್ಬರೂ ಸಮಸಮ. ಅವನು ಐದು ಹೊಡೆತಕ್ಕೆ ಮುಗಿಸಿದ. ನನ್ನದು ಮೂರಾಗಿತ್ತು, ಚೆಂಡು ಗುಳಿಯಿಂದ ಮೂರಡಿ ದೂರ. ಬಿದ್ದರೆ ಗೆಲುವು.

ದೇವರೇ ತಂದು ಇಟ್ಟ ಹಾಗಿತ್ತು. ನನಗೆ ಬೇಕಾಗಿದ್ದು ಇದೇ ಪಟ್, ಇದೇ ಜನ. ಚೆಂಡಿನ ಹಿಂದೆ ಕೂತು ದಾರಿ ನೋಡಿದೆ. ಎದ್ದು ನಿಂತೆ. ಪಟ್ಟರ್ ಹಿಡಿದೆ. ಬಲಗೈ ಹೆಬ್ಬೆರಳು ಆಗಲೇ ಶುರು ಮಾಡಿತ್ತು, ಮಾಡಲಿ ಅಂದುಕೊಂಡೆ. ನಡುಗುತ್ತಲೇ ಹೊಡೆಯುತ್ತೇನೆ, ನೋಡಲಿ ಎಲ್ಲರೂ.

"ಎತ್ಕೋ," ಅಂದ ಮೀಸೆ.

ನಾನು ತಲೆಯೆತ್ತಲಿಲ್ಲ.

"ಬಿಟ್ಟೆ ಕಣೋ. ಎತ್ಕೋ. ಗೆದ್ದೆ ನೀನು."

ಪಂದ್ಯವನ್ನೇ ಗೆಲ್ಲಿಸುವ ಮೂರಡಿಯ ಪಟ್ಟನ್ನು ಈ ಭೂಮಿಯ ಮೇಲೆ ಯಾವನೂ ಬಿಡುವುದಿಲ್ಲ. ಅಲ್ಲಿ ನಿಂತಿದ್ದ ಒಬ್ಬೊಬ್ಬರಿಗೂ ಅದು ಗೊತ್ತು. ಬಿಟ್ಟಿದ್ದಾನೆ ಅಂದರೆ ಒಂದೇ ಅರ್ಥ. ಬೇಡ ಅನ್ನಲು ಬಾಯಿ ತೆರೆದೆ. ಬೇಡ ಅನ್ನುವ ಹಾಗಿಲ್ಲ. ಚೀಟಿಯಲ್ಲಿ ನಾನೇ ಬರೆದಿದ್ದೇನೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಬಗ್ಗಿ ಚೆಂಡು ಎತ್ತಿಕೊಂಡೆ. ಚಪ್ಪಾಳೆ ತಟ್ಟಿದರು. ಎಷ್ಟು ಜನ ತಟ್ಟುತ್ತಾ ಬೂಟು ನೋಡಿಕೊಳ್ಳುತ್ತಿದ್ದರು ಅಂತ ನೋಡಿದೆ. ಬಹುತೇಕ ಎಲ್ಲರೂ.

ಮೀಸೆ ಕೈಕುಲುಕಲು ಬಂದ. "ನಿನಗೆ ನಾನೇನು ಅನ್ಯಾಯ ಮಾಡಿದ್ದೆನೋ?" ಅಂದೆ. ಅವನ ಮುಖ ಬಿಳಿಚಿಕೊಂಡಿತು. "ನಿನ್ನ ಮಾನ ಹೋಗಬಾರದು ಅಂತ ಕಣೋ," ಅಂದ.

ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರಲ್ಲ. ಮೀಸೆಯ ಜೊತೆ ಇನ್ನು ಮಾತಿಲ್ಲ.

ಏಪ್ರಿಲ್ 7, ಸೋಮವಾರ

ಏನೂ ಇಲ್ಲ.

ಏಪ್ರಿಲ್ 15, ಮಂಗಳವಾರ

ಕಾರ್ಯದರ್ಶಿ ಹೇಳಿಕಳಿಸಿದ್ದ. ಹೋದೆ. ಚಹಾ ತರಿಸಿದ. ಲೋಟ ತಟ್ಟೆಯ ಮೇಲೆ ಕಟಕಟ ಅಂದಿತು, ಅವನು ಗೋಡೆ ನೋಡಿದ. ಹೊಸಬನನ್ನು ತೆಗೆದುಕೊಂಡಿದ್ದಾರೆ. "ನೀವು ನಮ್ಮ ಹಿರಿಯರು ಸಾರ್, ಯಾವಾಗ ಬೇಕಾದ್ರೂ ಬಂದು ಆಡಬಹುದು." ಆಡುವುದಕ್ಕೆ ಏನು ಉಳಿದಿದೆ ಅಂತ ಕೇಳಲಿಲ್ಲ.

ಎಲ್ಲರೂ ಎಷ್ಟು ಒಳ್ಳೆಯವರು. ಒಬ್ಬನಾದರೂ ಬೈದಿದ್ದರೆ ಮೈ ಹಗುರಾಗುತ್ತಿತ್ತು.

ಮನೆಗೆ ಬಂದರೆ ಹಲ್ಲಿನ ಡಾಕ್ಟರಮ್ಮ ಹೆಂಡತಿಯ ಹೊಲಿಗೆ ಕೋಣೆಯಲ್ಲಿ ಕೂತಿದ್ದಾರೆ. ಕೋಟು ಚಿಕ್ಕದು ಮಾಡಿಸಲು ಬಂದರಂತೆ. ಮಡಿಲಲ್ಲಿ ಕೋಟೇ ಇರಲಿಲ್ಲ. ಇಬ್ಬರೂ ಮಾತು ನಿಲ್ಲಿಸಿದರು. ಅವರು ಹೋದ ಮೇಲೆ ಹೆಂಡತಿ ಬಂದು ಎದುರಿಗೆ ಕೂತು, ಬಹಳ ದಿನದ ಮೇಲೆ ಸಿಟ್ಟಿಲ್ಲದೆ ಕೇಳಿದಳು:

"ನಿಮಗೆ ವಾಸನೆ ಗೊತ್ತಾಗುತ್ತಾ?"

"ಏನು ವಾಸನೆ?"

"ಒಲೆ ಮೇಲೆ ಹಾಲು ಸೀದು ಅರ್ಧ ಗಂಟೆ ಆಯ್ತು. ನೀವು ಅಡುಗೆಮನೆ ದಾಟ್ಕೊಂಡೇ ಬಂದ್ರಿ."

ಮುಂದಿನ ವಾರ ಗುರುವಾರ ನರಗಳ ಡಾಕ್ಟರ ಹತ್ತಿರ ಹೋಗಬೇಕಂತೆ, ಹೆಸರು ಬರೆಸಿಯಾಗಿದೆ. ಹೆದರಿಕೆಗೆ ನರಗಳ ಡಾಕ್ಟರು ಏನು ಮಾಡುತ್ತಾರೆ? ಅವರ ಮುಂದೆಯೂ ಒಮ್ಮೆ ನಾಚಿಕೆಪಟ್ಟುಕೊಂಡು ಬರಬೇಕು. ಹೂಂ ಅಂದೆ. ಬೇಡ ಅನ್ನಲೂ ಶಕ್ತಿ ಇಲ್ಲ.

ಏಪ್ರಿಲ್ 24, ಗುರುವಾರ

ಡಾಕ್ಟರು ನಡೆಯಲು ಹೇಳಿದರು, ನಡೆದೆ. ಹೆಬ್ಬೆರಳು ತೋರುಬೆರಳು ಬಡಿಯಲು ಹೇಳಿದರು, ಬಡಿದೆ, ಎಡಗೈ ಓಡಿತು, ಬಲಗೈ ಕುಂಟಿತು. ಕೈ ಮಡಿಲಲ್ಲಿಟ್ಟು ಸುಮ್ಮನೆ ಕೂರಿ ಅಂದರು. ಸುಮ್ಮನೆ ಕೂತಾಗಲೇ ಅದು ನಡುಗಿತು. ಆಮೇಲೆ ಒಂದು ಕಾಗದ ಕೊಟ್ಟು ಏನಾದರೂ ಒಂದು ಸಾಲು ಬರೆಯಿರಿ ಅಂದರು. 'ಚೆಂಡು ಎಲ್ಲಿ ಬಿದ್ದಿದೆಯೋ ಅಲ್ಲಿಂದಲೇ ಆಡಬೇಕು' ಅಂತ ಬರೆದೆ, ಬೇರೇನೂ ಹೊಳೆಯಲಿಲ್ಲ. ಅವರು ಕಾಗದವನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಶುರುವಿನ ಅಕ್ಷರ ಹೆಸರುಬೇಳೆಯಷ್ಟು, ಕೊನೆಯದು ಸಾಸಿವೆಯಷ್ಟೂ ಇಲ್ಲ.

ಕಾಯಿಲೆಯ ಹೆಸರು ಪಾರ್ಕಿನ್ಸನ್ ಅಂದರು. ಒಂದೆರಡು ವರ್ಷದಿಂದಲೇ ಇರಬೇಕಂತೆ. ಕೈ, ಅಕ್ಷರ, ವಾಸನೆ, ಗುಂಡಿ, ಎಲ್ಲ ಅದೇ. ಮುಖವೂ ಅದೇ. ಮುಖದ ಸ್ನಾಯುಗಳು ಮಾತು ಕೇಳುವುದಿಲ್ಲ, ಒಳಗೆ ನಕ್ಕರೂ ಹೊರಗೆ ಬರುವುದಿಲ್ಲ ಅಂದರು. ಆಗ ಹೆಂಡತಿ ಅತ್ತಳು. ಅಲ್ಲಿಯವರೆಗೂ ಗಟ್ಟಿಯಾಗಿದ್ದವಳು.

ನಾನು ಒಂದೇ ಪ್ರಶ್ನೆ ಕೇಳಿದೆ. "ಇದು ಹೆದರಿಕೆಯಿಂದ ಬಂದದ್ದಾ?"

"ಹೆದರಿಕೆಗೂ ಇದಕ್ಕೂ ಏನ್ ಸಂಬಂಧ?" ಅಂದರು ಡಾಕ್ಟರು, ನನ್ನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿ.

ಹೊರಗೆ ಬಂದಾಗ ಎಷ್ಟು ಖುಷಿಯಾಗಿತ್ತು ಅಂದರೆ ಬರೆಯಲು ನಾಚಿಕೆ. ವಾಸಿಯಾಗದ ಕಾಯಿಲೆ ತಗುಲಿದೆ ಅಂದಿದ್ದಾರೆ, ನನಗೆ ಕೇಳಿಸಿದ್ದು ಪುಕ್ಕಲನಲ್ಲ ಅಂತ ಮಾತ್ರ. ಆ ಖುಷಿ ಆಸ್ಪತ್ರೆಯ ಮೆಟ್ಟಿಲಿನವರೆಗೆ ಇತ್ತು. ಮೆಟ್ಟಿಲು ಇಳಿಯುವಾಗ ಹೆಂಡತಿ ಮೊಳಕೈ ಹಿಡಿದಳು, ಎಂದೂ ಹಿಡಿದವಳಲ್ಲ. ಇನ್ನು ದಿನವೂ ಹಿಡಿಯುತ್ತಾಳೆ, ಆಮೇಲೆ ಊಟ ಮಾಡಿಸುತ್ತಾಳೆ, ಆಮೇಲೆ ಇನ್ನೇನೋ. ಆಗ ನಿಜವಾದ ಹೆದರಿಕೆ ಬಂತು. ಎದೆ ಬಡಿದುಕೊಂಡಿತು, ಬಾಯಿ ಒಣಗಿತು. ಹೆದರಿಕೆ ಅಂದರೆ ಹೀಗಿರುತ್ತದೆ ಎನ್ನುವುದೇ ಮರೆತುಹೋಗಿತ್ತು.

ಮೇ 3, ಶನಿವಾರ

ಮಾತ್ರೆ ಶುರುವಾಗಿದೆ. ವಾಕರಿಕೆ. ವ್ಯಾಯಾಮ ಹೇಳಿಕೊಡುವವರು ದೊಡ್ಡದಾಗಿ ಬರೆಯಿರಿ, ಗೆರೆಯಿಂದ ಗೆರೆಗೆ ಅಕ್ಷರ ಮುಟ್ಟಬೇಕು ಅಂದಿದ್ದಾರೆ. ಅದಕ್ಕೇ ಇವತ್ತಿನ ಪುಟ ಒಂದನೇ ಕ್ಲಾಸಿನ ಮಗುವಿನ ಕಾಪಿ ಪುಸ್ತಕದ ಹಾಗಿದೆ. ನಾಲ್ಕು ಸಾಲಿಗೇ ಕೈ ಸೋಲುತ್ತದೆ.

ಬೆಳಗಿನ ಹೊತ್ತು ಏಳಲು ಮನಸ್ಸೇ ಬರುವುದಿಲ್ಲ. ಎದ್ದು ಎಲ್ಲಿಗೆ ಹೋಗಬೇಕು?

ಭಾವನಿಗೆ ಆ ಚೀಟಿ ಬರೆದು ಕಳಿಸಿದೆ. 'ಯಿಪ್ಸ್: ನಾಮಪದ. ಪಟ್ ಮಾಡುವಾಗ ಕೈ ಹಠಾತ್ತನೆ ಎಗರುವುದು. ನುರಿತ ಆಟಗಾರರಲ್ಲಿ ಕಾಣುತ್ತದೆ. ಪುಕ್ಕಲುತನ ಎಂಬ ಅರ್ಥದಲ್ಲಿ ಬಳಸುವುದು ತಪ್ಪು. ಕೈ ನಡುಗುವ ಬೇರೆ ಕಾಯಿಲೆಗಳೂ ಇವೆ, ನೋಡದೆ ಹೇಳಬಾರದು.' ಪ್ರಯೋಗದ ಉದಾಹರಣೆ ಕೇಳಿದ್ದರು. 'ನನಗೆ ಯಿಪ್ಸ್ ಇಲ್ಲ' ಅಂತ ಬರೆದೆ.

ಭಾವ ಫೋನು ಮಾಡಿ, ಯಾವ ವ್ಯಾಕರಣವನ್ನೂ ತೆಗೆಯದೆ, "ಈ ಸಲ ಅಕ್ಷರ ಓದಕ್ಕೆ ಬಂತು ಕಣಯ್ಯ," ಅಂದರು.

ಮೇ 11, ಭಾನುವಾರ

ಮೀಸೆ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತು, "ನನಗೆ ಗೊತ್ತಿರಲಿಲ್ಲ ಕಣೋ. ಅದೇ ಅಂದ್ಕೊಂಡಿದ್ದೆ," ಅಂದ.

"ನಾನೂ ಅದೇ ಅಂದುಕೊಂಡಿದ್ದೆ."

"ಆಡೋಕೆ ಬರ್ತೀಯಾ?"

ಬರುವುದಿಲ್ಲ ಅಂದೆ. ಒಳಗಿಂದ ಹೆಂಡತಿ ನೀಲಿ ಅಂಗಿ ತಂದು ನನ್ನ ಹೆಗಲಿಗೆ ಹಾಕಿ ಗುಂಡಿ ಹಾಕಲು ಶುರು ಮಾಡಿದಳು. ಈ ಸಲ ರಂಧ್ರ ಸಣ್ಣದು ಅನ್ನಲಿಲ್ಲ. ಸುಮ್ಮನೆ ನಿಂತೆ.

ಸಂಜೆಯ ಬಿಸಿಲಿತ್ತು. ಕೆಲವೇ ಗುಳಿ ಆಡೋಣ ಅಂತ ಮಾತಾಯಿತು. ಹೆಂಡತಿ ಬೆಂಚಿನ ಮೇಲೆ ಕೂತಳು. ಹೊಸ ಕೋಚ್ ಅಲ್ಲೇ ಯಾರಿಗೋ ಪಾಠ ಹೇಳುತ್ತಿದ್ದ, ನನ್ನನ್ನು ಕಂಡು ಟೋಪಿ ತೆಗೆದ. ಶುರು ಮಾಡುವ ಮುಂಚೆ ಮೀಸೆಗೆ ಹೇಳಿದೆ: "ಇವತ್ತು ಒಂದನ್ನೂ ಬಿಡಬೇಡ. ಅಂಗುಲ ಇದ್ದರೂ ಹೊಡೆಸು."

"ಆಯ್ತು."

"ಮೋಡಾನೂ ನೋಡಬೇಡ."

"ಆಯ್ತು ಕಣಯ್ಯ."

ಚೆಂಡು ಕೆಟ್ಟದಾಗಿ ಹೋಯಿತು. ಅರ್ಧ ದೂರವೂ ಹೋಗಲಿಲ್ಲ, ಮೈ ತಿರುಗುವುದಿಲ್ಲ. ಇದು ಇನ್ನು ಸರಿಯಾಗುವುದಿಲ್ಲ, ಇಂದಿಗಿಂತ ನಾಳೆ ಕಡಿಮೆ, ನಾಳೆಗಿಂತ ನಾಡಿದ್ದು. ನಡೆಯುತ್ತಾ ಅದನ್ನೇ ಯೋಚಿಸುತ್ತಿದ್ದೆ. ವ್ಯಾಯಾಮದವರು ಹೇಳಿದ ಹಾಗೆ ಬಲಗೈ ಬೀಸಬೇಕು ಅನ್ನುವುದನ್ನೂ ಮರೆತೆ.

ಬೆಂಚಿನ ಎದುರಿನ ಗುಳಿಯಲ್ಲಿ ಮೂರಡಿಯ ಪಟ್ ಉಳಿಯಿತು. ಮೀಸೆ ನೆಲದಲ್ಲಿ ಕೋಲು ಊರಿ ನನ್ನನ್ನೇ ನೋಡುತ್ತಾ ನಿಂತ. ಬಿಡಲಿಲ್ಲ. ಹೊಸ ಕೋಚ್ ಬೇರೆ ಕಡೆ ತಿರುಗಲು ಹೋದವನು ಮೀಸೆಯನ್ನು ಕಂಡು ಹಾಗೇ ನಿಂತ. ಪಟ್ಟರ್ ಹಿಡಿದೆ. ಹೆಬ್ಬೆರಳು ನಡುಗಿತು. ತಳ್ಳಿದೆ, ಕೈ ಎಗರಿತು, ಚೆಂಡು ಗುಳಿಯ ಪಕ್ಕದಲ್ಲೇ ಹಾದು ಆಚೆಗೆ ಹೋಯಿತು. ಆಚೆಯಿಂದ ಹೊಡೆದೆ, ಈಚೆಗೆ ಬಂತು. ಈಚೆಯಿಂದ ಹೊಡೆದೆ, ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಂತಿತು, ಏನೂ ಆಗೇ ಇಲ್ಲವೇನೋ ಎನ್ನುವ ಹಾಗೆ. ನನಗೆ ಭಾವನ ರೈಲಿನ ಡಬ್ಬಿ ನೆನಪಾಯಿತು, ಒಂದರ ಹಿಂದೆ ಒಂದು, ಒಂದರ ಹಿಂದೆ ಒಂದು.

ಹೆಂಡತಿ ಬೆಂಚಿನಿಂದ ಎದ್ದು ಹುಲ್ಲಿನ ಅಂಚಿನವರೆಗೂ ಬಂದಳು. ನನ್ನ ಮುಖವನ್ನು ಒಂದು ಕ್ಷಣ ಓದಲು ನೋಡಿದಳು, ಆಮೇಲೆ ಅದನ್ನು ಬಿಟ್ಟು ನೇರವಾಗಿ ಕೇಳಿದಳು.

"ಏನ್ರೀ, ನಗ್ತಾ ಇದೀರಾ?"

"ಹೂಂ."

"ಎಷ್ಟು?"

"ಜೋರಾಗಿ."

ಅವಳು ಮೀಸೆಯ ಕಡೆ ತಿರುಗಿ, ಅಷ್ಟೂ ಮೈದಾನಕ್ಕೆ ಕೇಳಿಸುವ ಹಾಗೆ, "ಇವರು ನಗ್ತಾ ಇದಾರೆ!" ಎಂದು ಕೂಗಿದಳು. ಅಲ್ಲಿಯವರೆಗೂ ತುಟಿ ಕಚ್ಚಿಕೊಂಡಿದ್ದ ಮೀಸೆ ಆಮೇಲೆ ನಕ್ಕ.